ಸ್ಟಾರ್ಟರ್ ಬಿಡಬೇಡಿ

ಇವತ್ತು ಬೆಳಿಗ್ಗೆ ಬೆಲ್ 206 ಹೆಲಿಕಾಪ್ಟರ್ ಒಂದರ ಸ್ಟಾರ್ಟ್ ಅರ್ಧಕ್ಕೇ ನಿಂತಿತು. ಬ್ಯಾಟರಿ ಸುಸ್ತು. ಎನ್‌1 (ಎಂಜಿನ್ನಿಗೆ ಗಾಳಿ ಒತ್ತುವ ಕಂಪ್ರೆಸರಿನ ವೇಗ) ಸೂಜಿ 11 ಶೇಕಡಾ ದಾಟಲೇ ಇಲ್ಲ. ಪೈಲಟ್ ಇಂಧನ ಬಿಡುವ ಥ್ರಾಟಲ್ ತೆರೆಯಲಿಲ್ಲ. ಜಾಣತನ.

ನಮ್ಮ ಹವೆಯಲ್ಲಿ ಎನ್‌1 15 ಶೇಕಡಾ ಆಗದೆ ಇಂಧನ ಬಿಡುವ ಹಾಗಿಲ್ಲ. ಬಿಟ್ಟರೆ ಗಾಳಿ ಕಡಿಮೆ, ಇಂಧನದ ಸೀಮೆಎಣ್ಣೆ ಮಾತ್ರ ಎಂದಿನಷ್ಟೇ. ಬೆಂಕಿ ತಣ್ಣಗಾಗಲು ಗಾಳಿ ಎಲ್ಲಿಂದ ಬರಬೇಕು? ಟಿಒಟಿ (ಟರ್ಬೈನಿನ ಬಿಸಿ ತೋರಿಸುವ) ಸೂಜಿ ಸರ್ರನೆ ಮೇಲಕ್ಕೆ. 810 ಡಿಗ್ರಿ ದಾಟಿದರೆ 10 ಸೆಕೆಂಡು. 927 ಮುಟ್ಟಿದರೆ ಒಂದೇ ಸೆಕೆಂಡು. ಅಷ್ಟೇ ನಮ್ಮ ಪಾಲಿನ ಸಮಯ.

ಆಗ ಮಾಡಬೇಕಾದ್ದು: ಥ್ರಾಟಲ್ ಪೂರ್ತಿ ಮುಚ್ಚುವುದು. ಎಂಜಿನ್ ತಿರುಗಿಸುವ ಸ್ಟಾರ್ಟರ್ ಗುಂಡಿ ಮಾತ್ರ ಒತ್ತಿಕೊಂಡೇ ಇರುವುದು.

ಕಲಿಯುವವರ ಬೆರಳು ಜಾರುವುದು ಇಲ್ಲೇ. ಗಾಬರಿಯಾದರೆ ಎಲ್ಲವನ್ನೂ ಒಟ್ಟಿಗೆ ಬಿಟ್ಟುಬಿಡಬೇಕು ಅನಿಸುತ್ತೆ. ಥ್ರಾಟಲ್ಲೂ ಸ್ಟಾರ್ಟರ್ರೂ ಎಡಗೈಯ ಕಲೆಕ್ಟಿವ್ (ಹೆಲಿಕಾಪ್ಟರನ್ನು ಏರಿಸಿ ಇಳಿಸುವ ಹಿಡಿ) ಮೇಲೇ ಇವೆಯಲ್ಲ! ಸ್ಟಾರ್ಟರ್ ಬಿಟ್ಟರೆ ಕಂಪ್ರೆಸರ್ ನಿಧಾನವಾಗುತ್ತೆ, ಒಳಗೆ ಉಳಿದ ಇಂಧನ ಉರಿಯುತ್ತಲೇ ಇರುತ್ತೆ, ಟರ್ಬೈನ್ ಬ್ಲೇಡು ಅದರಲ್ಲೇ ಬೇಯುತ್ತೆ. ಸೂಜಿ ಚೆನ್ನಾಗಿ ಕೆಳಗಿಳಿಯುವ ತನಕ ಗಾಳಿ ಊದುತ್ತಿರಬೇಕು. ಒಲೆ ಆರಿಸೋಕೆ ಊದೋದು, ವಿಚಿತ್ರ ಅಲ್ವಾ?

ಬಾಲದ ಕಡೆಯಿಂದ ಗಾಳಿ ಬೀಸುತ್ತಿದ್ದರೆ ಇನ್ನೂ ಕಷ್ಟ, ಬಿಸಿ ಹೊಗೆ ಹೊರಹೋಗಲು ಒದ್ದಾಡುತ್ತೆ.

ಹಾರುವಾಗ ಎಂಜಿನ್ ನಿಂತರೆ ಲೆಕ್ಕವೇ ಬೇರೆ: ಮೊದಲು ಕಲೆಕ್ಟಿವ್ ಕೆಳಗೆ, ರೋಟರ್ ವೇಗ ಉಳಿಸಿಕೊಳ್ಳಿ, ಮಿಕ್ಕಿದ್ದು ಆಮೇಲೆ. ಅದನ್ನು ಎಲ್ಲರೂ ನೂರು ಸಲ ಅಭ್ಯಾಸ ಮಾಡಿರುತ್ತಾರೆ. ನೆಲದ ಮೇಲಿನ ಈ ಹತ್ತು ಸೆಕೆಂಡನ್ನು?

ಅಂದಹಾಗೆ, ಆ ಬ್ಯಾಟರಿ ಈಗ ಚಾರ್ಜಿಗೆ ಹೋಗಿದೆ.