ಪೈಪೂ ಸ್ಕೂಟರೂ
ಬೆಳಿಗ್ಗೆ ಪಕ್ಕದ ಮನೆಯವರು ಪೈಪ್ ಹಿಡಿದು ಕಾರು ತೊಳೆಯುತ್ತಿದ್ದರು. ನೊರೆ ನೀರು ಹರಿದು ನಮ್ಮ ಗೇಟಿನ ತನಕ ಬಂತು. "2024ರ ಬೇಸಿಗೆ ಮರೆತೇ ಹೋಯ್ತಾ ಸಾರ್?" ಅಂದೆ.

ಆಗ ಬೆಂಗಳೂರಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ. ಏಪ್ರಿಲ್‌ನಲ್ಲಿ ಬಿಸಿಲು 38 ಡಿಗ್ರಿ ದಾಟಿತ್ತು. ಟ್ಯಾಂಕರ್‌ಗೆ ಕಾಯುತ್ತಾ ಬೀದಿಯವರೆಲ್ಲ ಹವಾಮಾನ ತಜ್ಞರಾಗಿದ್ದೆವು. ಜೂನ್ 2ಕ್ಕೆ ಒಂದೇ ದಿನ 111 ಮಿ.ಮೀ. ಮಳೆ ಸುರಿಯಿತು ನೋಡಿ, ಎಲ್ಲರ ಕಾಳಜಿಯೂ ಚರಂಡಿ ಪಾಲು. ನನ್ನದೂ ಸೇರಿ.

ಅವರು ನಕ್ಕು ನಲ್ಲಿ ಬಂದ್ ಮಾಡಿದರು. ನಾನು ಗೆದ್ದವನ ಥರ ಸ್ಕೂಟರ್ ಸ್ಟಾರ್ಟ್ ಮಾಡಿದೆ.

"ಎಲ್ಲಿಗೆ ಹೊರಟ್ರಿ?"

ಮೂಲೆ ಅಂಗಡಿಗೆ, ಹಾಲು ತರೋಕೆ. ನಡೆದರೆ ಮೂರೇ ನಿಮಿಷ. ಸುಮ್ನೆ "ಇಲ್ಲೇ" ಅಂದೆ.