ಕಾಲು ಸುತ್ತು ಜಾಸ್ತಿ

ಬೈಕಿನ ಕೆಲಸ ಮನೆಯಲ್ಲೇ ಮಾಡಿಕೊಂಡರೆ ದುಡ್ಡು ಉಳಿಯುತ್ತದೆ ಎಂದು ಶುರು ಮಾಡಿದವನು ನಾನು. ಮೊದಲನೇ ಆಯಿಲ್ ಚೇಂಜಿನಲ್ಲೇ ಎರಡು ವರ್ಷದ ಗ್ಯಾರೇಜ್ ಖರ್ಚನ್ನು ಒಂದೇ ಮಧ್ಯಾಹ್ನ ಕಳೆದುಕೊಂಡೆ.

ಆದದ್ದು ಇಷ್ಟೇ. ಹಳೇ ಆಯಿಲ್ ಇಳಿಸಿದೆ, ಎಂಜಿನ್ ತಳದ ಆ ತೂತು ಮುಚ್ಚುವ ಡ್ರೈನ್ ಬೋಲ್ಟ್ ವಾಪಸ್ ಹಾಕಿದೆ, ಟೈಟ್ ಮಾಡಿದೆ. ಅಲ್ಲಿಗೆ ಕೈ ತೆಗೆಯಬೇಕಿತ್ತು. ದಾರಿಯಲ್ಲಿ ಸೋರಿದರೆ ಕಷ್ಟ, ಇನ್ನೊಂದು ಕಾಲು ಸುತ್ತು ಇರಲಿ ಎಂದು ಪಾನಾ ಮೇಲೆ ಮೈಭಾರ ಬಿಟ್ಟೆ. ಕೈಯಲ್ಲಿದ್ದ ಬಿಗಿ ಒಂದೇ ಸಲ ಮಾಯವಾಯಿತು. ಬೋಲ್ಟ್ ಸುಮ್ನೆ ತಿರುಗತೊಡಗಿತು. ಬಿಚ್ಚಿ ನೋಡಿದರೆ ಅದರ ಮೈಗೆ ಬೆಳ್ಳಿ ಬಣ್ಣದ ಸುರುಳಿ ಸುತ್ತಿಕೊಂಡಿದೆ. ಅದು ಎಂಜಿನ್ನಿನ ಥ್ರೆಡ್, ಅಂದರೆ ಬೋಲ್ಟ್ ಕಚ್ಚಿಕೊಳ್ಳುವ ಗೀರುಗಳು. ಎಂಜಿನ್ ಮೈ ಅಲ್ಯೂಮಿನಿಯಂ, ಬೋಲ್ಟ್ ಉಕ್ಕು. ಇವೆರಡರ ಜಗಳದಲ್ಲಿ ಸೋಲುವುದು ಯಾವಾಗಲೂ ಅಲ್ಯೂಮಿನಿಯಮ್ಮೇ. ತೂತನ್ನು ದೊಡ್ಡದು ಮಾಡಿಸಿ, ಒಳಗೆ ಹೊಸ ಥ್ರೆಡ್ ಆಗಿ ಉಕ್ಕಿನ ಸುರುಳಿ (ಹೆಲಿಕಾಯಿಲ್) ಕೂರಿಸಿ, ಗಾಡಿ ಮತ್ತೆ ರಸ್ತೆಗೆ ಬರುವಷ್ಟರಲ್ಲಿ ಒಂದು ವಾರ ಆಗಿತ್ತು.

ಆ ಬೋಲ್ಟಿಗೆ ಎಷ್ಟು ಬಿಗಿ ಬೇಕು ಅನ್ನುವುದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇತ್ತು. 24 ನ್ಯೂಟನ್ ಮೀಟರ್. ನಾನು ಓದಿರಲಿಲ್ಲ, ಅಷ್ಟೇ.

ಬಿಗಿ ಎಷ್ಟಾಯಿತು ಎಂದು ತಿಳಿಸುವ ಪಾನಾ, ಅಂದರೆ ಟಾರ್ಕ್ ರೆಂಚ್, ಕೊಳ್ಳುವಷ್ಟು ದುಡ್ಡು ಆಗ ಕೈಯಲ್ಲಿ ಉಳಿದಿರಲಿಲ್ಲ. ಮನೆಯಲ್ಲಿ ಪ್ರಯಾಣದ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಇತ್ತು. ಅದೇ ಸಾಕು ಅನ್ನುವುದು ಆಮೇಲೆ ಹೊಳೆಯಿತು. ಲೆಕ್ಕ ಸುಲಭ. ಪಾನಾದ ಉದ್ದ 20 ಸೆಂಟಿಮೀಟರ್, ಅಂದರೆ 0.2 ಮೀಟರ್ ಇದ್ದರೆ, 24ನ್ನು 0.2ರಿಂದ ಭಾಗಿಸಿ, 120 ನ್ಯೂಟನ್. ಅಂದರೆ ತಕ್ಕಡಿಯಲ್ಲಿ ಸುಮಾರು 12 ಕೆ.ಜಿ. ರಿಂಗ್ ಪಾನಾದ ತುದಿಗೆ ಕೊಕ್ಕೆ ಸಿಕ್ಕಿಸಿ, ಪಾನಾಕ್ಕೆ ನೇರ ಅಡ್ಡಕ್ಕೆ ನಿಧಾನವಾಗಿ ಎಳೆಯಬೇಕು. 12 ತೋರಿಸಿದ ಕೂಡಲೇ ನಿಲ್ಲಿಸಬೇಕು. ಉದ್ದ ಅಳೆಯುವಾಗ ಬೋಲ್ಟಿನ ನಡುಮಧ್ಯದಿಂದ ಕೊಕ್ಕೆ ಇರುವ ಜಾಗದವರೆಗೆ ಅಳೆಯಿರಿ. ಆ ದಿನ ನಾನು ಎಳೆದದ್ದು ಎಷ್ಟಿರಬಹುದು ಎಂದು ಕುತೂಹಲಕ್ಕೆ ಅದೇ ತರ ಭಾರ ಬಿಟ್ಟು ತಕ್ಕಡಿ ನೋಡಿದೆ. 30 ದಾಟಿತು. ಪಾಪದ ಬೋಲ್ಟು.

ಈಗ ಟಾರ್ಕ್ ರೆಂಚ್ ಇದೆ. ಕ್ಲಿಕ್ ಅನ್ನುವ ತರದ್ದು. ಅದನ್ನು ಬಿಚ್ಚುವುದಕ್ಕೆ ಬಳಸಬೇಡಿ. ಕೆಲಸ ಮುಗಿದ ಮೇಲೆ ಅಳತೆಯನ್ನು ಕೆಳಗಿನ ಕೊನೆಗೆ ಇಳಿಸಿ ಇಡಿ, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ದಣಿದು ಸುಳ್ಳು ಹೇಳಲು ಶುರು ಮಾಡುತ್ತದೆ.

ಡ್ರೈನ್ ಬೋಲ್ಟಿನ ಮಾತು ಬಂತಲ್ಲ, ಅದರ ವಾಷರ್ ಬಗ್ಗೆ ಒಂದು ಮಾತು. ಒಮ್ಮೆ ಒತ್ತಿಸಿಕೊಂಡ ತಾಮ್ರದ ವಾಷರ್ ಗಡುಸಾಗುತ್ತದೆ, ಮುಂದಿನ ಸಲ ಸರಿಯಾಗಿ ಕೂರುವುದಿಲ್ಲ, ಹನಿ ಹನಿ ಸೋರುತ್ತದೆ. ನಾವು ಸೋರಿಕೆ ನಿಲ್ಲಿಸಲು ಇನ್ನಷ್ಟು ಬಿಗಿ ಮಾಡುತ್ತೇವೆ. ಥ್ರೆಡ್ ಹೋಗುವುದು ಹೀಗೇ. ತಾಮ್ರದ್ದಾದರೆ ಇಕ್ಕಳದಲ್ಲಿ ಹಿಡಿದು ಬೆಂಕಿಯಲ್ಲಿ ಮಂದ ಕೆಂಪಾಗುವವರೆಗೆ ಕಾಯಿಸಿ, ಆರಲು ಬಿಡಿ. ಮತ್ತೆ ಮೆತ್ತಗಾಗುತ್ತದೆ. ನಾನು ಒಂದೇ ವಾಷರನ್ನು ಐದು ಸಲ ಬಳಸಿದ್ದೇನೆ. ಅಲ್ಯೂಮಿನಿಯಂ ವಾಷರಿಗೆ ಮಾತ್ರ ಈ ಆಟ ಬೇಡ. ಅದು 660 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಮೊದಲು ಕೆಂಪಾಗಿ ಎಚ್ಚರಿಸುವ ಅಭ್ಯಾಸ ಅದಕ್ಕಿಲ್ಲ. ಹೊಸದು ತನ್ನಿ.

ಆಯಿಲ್ ವಿಷಯದಲ್ಲಿ ಬ್ರ್ಯಾಂಡಿಗಿಂತ ಡಬ್ಬದ ಹಿಂದಿನ ಸಣ್ಣ ಅಕ್ಷರ ಮುಖ್ಯ. ಬೈಕ್ ಆಯಿಲಿನ ಜಪಾನಿ ಗುಣಮಟ್ಟದ ಗುರುತಾದ ಜಾಸೋ ಎಂಎ ಅಥವಾ ಎಂಎ2 ಎಂದಿದೆಯಾ ನೋಡಿ. ಹೆಚ್ಚಿನ ಬೈಕುಗಳಲ್ಲಿ ಎಂಜಿನ್ ಆಯಿಲಿನಲ್ಲೇ ಕ್ಲಚ್ ಪ್ಲೇಟ್ ಮುಳುಗಿರುತ್ತದೆ. ಕಾರಿನ ಕೆಲವು ಆಯಿಲುಗಳಲ್ಲಿ ಜಾರಿಕೆ ಹೆಚ್ಚಿಸುವ ರಾಸಾಯನಿಕ ಇರುತ್ತದೆ. ಅದನ್ನು ಹಾಕಿದರೆ ಕ್ಲಚ್ಚೂ ಜಾರುತ್ತದೆ. ಕಾರಿಗೆ ತಂದು ಉಳಿದದ್ದನ್ನು ಬೈಕಿಗೆ ಸುರಿಯುವುದು ಉಳಿತಾಯ ಅಲ್ಲ. ಆಯಿಲಿನ ದಪ್ಪ ಹೇಳುವ ನಂಬರ್ 10ಡಬ್ಲ್ಯೂ-30 ಇರಬೇಕೋ 20ಡಬ್ಲ್ಯೂ-40 ಇರಬೇಕೋ ಅನ್ನುವುದನ್ನು ಮ್ಯಾನ್ಯುಯಲ್ ಹೇಳಿದಂತೆ ಹಾಕಿ, ಅಲ್ಲಿ ಬುದ್ಧಿವಂತಿಕೆ ತೋರಿಸಲು ಹೋಗಬೇಡಿ.

ಇನ್ನು ಸ್ಕ್ರೂಗಳು. ನನ್ನ ಎರಡನೇ ದೊಡ್ಡ ನಷ್ಟ ಇಲ್ಲೇ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಸ್ಕ್ರೂ ಬಿಚ್ಚಲು ಹೋಗಿ ಅದರ ತಲೆಯನ್ನೇ ಸವೆಸಿಬಿಟ್ಟೆ. ಸ್ಕ್ರೂಡ್ರೈವರ್ ಒಳ್ಳೆಯದೇ ಇತ್ತು. ಆದರೆ ಪ್ಲಸ್ ಗುರುತಿನ ಎಲ್ಲ ಸ್ಕ್ರೂಗಳೂ ಒಂದೇ ಅಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲ. ಜಪಾನ್ ಮೂಲದ ಗಾಡಿಗಳಲ್ಲಿ ಜೆಐಎಸ್ ಅನ್ನುವ ಜಪಾನಿ ಮಾದರಿಯ ಸ್ಕ್ರೂ ಇರುತ್ತದೆ. ಎಷ್ಟೋ ಸಲ ಅದರ ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಇರುತ್ತದೆ. ಮಾಮೂಲಿ ಫಿಲಿಪ್ಸ್ ಡ್ರೈವರ್ ಅದರೊಳಗೆ ಪೂರ್ತಿ ಇಳಿಯುವುದಿಲ್ಲ. ಮೇಲೆ ಮೇಲೆ ಹಿಡಿದು, ಜೋರು ಮಾಡಿದಾಗ ಎಗರಿ, ಮೂಲೆಗಳನ್ನು ಸವೆಸುತ್ತದೆ. ಜೆಐಎಸ್ ತುದಿಯ ಡ್ರೈವರ್ ಒಂದೇ ಒಂದು ತಂದುಕೊಂಡೆ. ಆಮೇಲೆ ಒಂದು ಸ್ಕ್ರೂ ಕೂಡ ಹಾಳಾಗಿಲ್ಲ. ಜಿಗಟಾಗಿ ಕೂತದ್ದಕ್ಕೆ ಸುತ್ತಿಗೆಯಲ್ಲಿ ಹೊಡೆದರೆ ತಾನೇ ತಿರುಗುವ ಕೈ ಇಂಪ್ಯಾಕ್ಟ್ ಡ್ರೈವರ್ ಇದೆ. ನೋಡಲು ಒರಟು, ಕೆಲಸ ನಾಜೂಕು.

ಟೂಲ್ ಕೊಳ್ಳುವಾಗ ನೂರೆಂಟು ತುಂಡುಗಳ ಹೊಳೆಯುವ ಪೆಟ್ಟಿಗೆ ಕಣ್ಣು ಸೆಳೆಯುತ್ತದೆ. ನಾನೂ ತಂದೆ. ಅದರಲ್ಲಿ ಬಳಸುವುದು ಎಂಟು ತುಂಡು. ನನ್ನ ಗಾಡಿಗೆ ಬೇಕಾದದ್ದು 8, 10, 12, 14, 17 ಮತ್ತು ಪ್ಲಗ್ಗಿನ ಸಾಕೆಟ್. ಮೊದಲು ಗಾಡಿ ಮುಂದೆ ಕೂತು ಯಾವ್ಯಾವ ಸೈಜಿನ ಬೋಲ್ಟ್ ಇದೆ ಎಂದು ಬರೆದುಕೊಂಡು, ಅಷ್ಟನ್ನೇ ಒಳ್ಳೆಯದು ತಂದಿದ್ದರೆ ಚೆನ್ನಾಗಿತ್ತು. ಸಾಕೆಟ್ ಆರು ಮೂಲೆಯದ್ದೇ ಇರಲಿ. ಹನ್ನೆರಡು ಮೂಲೆಯದ್ದು ತುಕ್ಕು ಹಿಡಿದ ಬೋಲ್ಟನ್ನು ಬೇಗ ದುಂಡಗೆ ಮಾಡುತ್ತದೆ. ತಿರುಗಿಸಿ ಅಗಲ ಮಾಡುವ ಸ್ಕ್ರೂ ಪಾನಾ ಇದೆಯಲ್ಲ, ಅದನ್ನು ಗಾಡಿಯಿಂದ ದೂರ ಇಡಿ. ಅದು ನಲ್ಲಿ ಪೈಪಿಗೆ.

ನಿಜವಾದ ಉಳಿತಾಯ ನನಗೆ ಸಿಕ್ಕಿದ್ದು ಒಂದು ಬೇರಿಂಗ್‌ನಿಂದ. ಮುಂದಿನ ಚಕ್ರ ಗುಯ್ ಅನ್ನುತ್ತಿತ್ತು. ಹಳೇ ಬೇರಿಂಗ್ ಹೊರಗೆ ತೆಗೆದು ಒರೆಸಿದಾಗ ಅಂಚಿನಲ್ಲಿ 6301 ಎಂದು ಕೆತ್ತಿದ್ದು ಕಂಡಿತು. ಇದು ಗಾಡಿ ಕಂಪನಿಯ ನಂಬರ್ ಅಲ್ಲ, ಲೋಕಕ್ಕೆಲ್ಲ ಒಂದೇ ನಂಬರ್. 6301 ಅಂದರೆ ಒಳತೂತು 12, ಹೊರಸುತ್ತು 37, ದಪ್ಪ 12 ಮಿ.ಮೀ. ನೀರೆತ್ತುವ ಪಂಪಿಗೆ ಬೇಕಾದರೂ ಇದೇ, ಬೈಕಿಗೆ ಬೇಕಾದರೂ ಇದೇ. ಕೊನೆಯ ಎರಡು ಅಂಕಿ ಒಳತೂತು ಹೇಳುತ್ತವೆ. 00 ಅಂದರೆ 10 ಮಿ.ಮೀ, 01 ಅಂದರೆ 12, 02 ಅಂದರೆ 15, 03 ಅಂದರೆ 17. 04ರಿಂದ ಮುಂದೆ ಐದರಿಂದ ಗುಣಿಸಿ. 6204 ಆದರೆ 20. ನಂಬರಿನ ಕೊನೆಗೆ ಟು ಆರ್‌ಎಸ್ ಎಂದಿದ್ದರೆ ಎರಡೂ ಕಡೆ ರಬ್ಬರ್ ಮುಚ್ಚಳ, ಝಡ್‌ಝಡ್ ಎಂದಿದ್ದರೆ ತಗಡಿನ ಮುಚ್ಚಳ. ಚಕ್ರಕ್ಕೆ ನೀರು ಮಣ್ಣು ಬೀಳುವುದರಿಂದ ರಬ್ಬರಿನದ್ದೇ ಒಳ್ಳೆಯದು. ನಂಬರ್ ಹೇಳಿ ಬೇರಿಂಗ್ ಮಾರುವವರಲ್ಲೇ ಒಳ್ಳೆಯ ಕಂಪನಿಯದ್ದು ಕೊಂಡೆ. ಗಾಡಿ ಕಂಪನಿಯ ಪೊಟ್ಟಣದಲ್ಲಿ ಬರುವುದಕ್ಕಿಂತ ಎಷ್ಟೋ ಕಡಿಮೆಗೆ ಸಿಕ್ಕಿತು. ಕೂರಿಸುವಾಗ ಹೊರಗಿನ ಬಳೆಯ ಮೇಲಷ್ಟೇ ಪೆಟ್ಟು ಬೀಳಬೇಕು. ಅದಕ್ಕೆ ಹಳೇ ಬೇರಿಂಗನ್ನೇ ಅಂಚು ಸ್ವಲ್ಪ ಉಜ್ಜಿ ಸಣ್ಣ ಮಾಡಿ ಮೇಲಿಟ್ಟು ಹೊಡೆದರೆ ಆಯಿತು. ಒಳಬಳೆಗೆ ಹೊಡೆದರೆ ಹೊಸ ಬೇರಿಂಗ್ ಅವತ್ತೇ ಹಳೆಯದು.

ಅವತ್ತಿನಿಂದ ನನಗೆ ನಂಬರ್ ಹುಡುಕುವ ಚಟ ಹಿಡಿಯಿತು. ಆಯಿಲ್ ಸೀಲಿನ ಮೇಲೂ ಮೂರು ಅಳತೆ ಇರುತ್ತದೆ: ಒಳಗೆ, ಹೊರಗೆ, ದಪ್ಪ. ಬಲ್ಬಿನ ಬುಡದಲ್ಲಿ 21/5 ವ್ಯಾಟ್ ಎಂದಿರುತ್ತದೆ. ಫ್ಯೂಸ್ ತಲೆಯ ಮೇಲೆ ಆಂಪಿಯರ್. ಗಾಡಿಯ ಹೆಸರು ಹೇಳಿ ಕೇಳುವುದಕ್ಕೂ ಅಳತೆ ಹೇಳಿ ಕೇಳುವುದಕ್ಕೂ ಬೆಲೆಯಲ್ಲಿ ಬಹಳ ಸಲ ವ್ಯತ್ಯಾಸ ಬರುತ್ತದೆ.

ಬ್ಯಾಟರಿ ಕಥೆಯೂ ಇಂಥದ್ದೇ. ಸೆಲ್ಫ್ ಒತ್ತಿದರೆ ಕಟ್ ಕಟ್ ಅನ್ನುತ್ತಿತ್ತು. ಬ್ಯಾಟರಿ ಹೋಯಿತು, ಹೊಸದು ಹಾಕಿ ಎಂದರು. ಮಲ್ಟಿಮೀಟರ್ ಹಿಡಿದೆ. ಗಾಡಿ ನಿಂತಿದ್ದಾಗ ಬ್ಯಾಟರಿಯ ಕಂಬದಲ್ಲೇ ಅಳೆದರೆ 12.7 ವೋಲ್ಟ್. ಚೆನ್ನಾಗಿ ಚಾರ್ಜ್ ಆಗಿರುವ ಬ್ಯಾಟರಿಯ ಲಕ್ಷಣ ಅದು. ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟಾಗ 14.1. ಚಾರ್ಜಿಂಗೂ ಸರಿ. ಹಾಗಾದರೆ ದಾರಿಯಲ್ಲಿ ಎಲ್ಲೋ ತಡೆ. ಟರ್ಮಿನಲ್ ಬಿಚ್ಚಿದರೆ ಬಿಳಿ ಹಸಿರು ಪುಡಿ. ಬಿಸಿನೀರು ಹಾಕಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಆ ಬ್ಯಾಟರಿ ಮತ್ತೆರಡು ವರ್ಷ ಬಂತು. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಅದು ಕೊನೆಗೆ. ಇಲ್ಲದಿದ್ದರೆ ಪಾನಾ ಫ್ರೇಮಿಗೆ ತಾಗಿ ಕಿಡಿ ಹಾರುತ್ತದೆ.

ಚೈನ್ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಚುಟುಕಾಗಿ ಹೇಳಿಬಿಡುತ್ತೇನೆ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, 90 ನಂಬರಿನ ಗೇರ್ ಆಯಿಲ್ ಒಳಗಡೆ ಬಿಡಿ. 500 ಕಿಲೋಮೀಟರಿಗೊಮ್ಮೆ. ಪೆಟ್ರೋಲ್ ಬೇಡ, ಕೊಂಡಿಗಳಲ್ಲಿ ರಬ್ಬರ್ ಬಳೆ (ಓ-ರಿಂಗ್) ಇರುವ ಚೈನಿಗಂತೂ ಬೇಡವೇ ಬೇಡ. ಡಬ್ಲ್ಯೂಡಿ-40 ಹೊಡೆದು ಆಯಿಲ್ ಹಾಕಿದೆ ಅಂದುಕೊಳ್ಳುವವರಿಗೆ: ಹೆಸರಿನಲ್ಲಿರುವ ಆ ಎರಡು ಅಕ್ಷರದ ಅರ್ಥವೇ ನೀರನ್ನು ಓಡಿಸುವುದು, 40 ಅಂದರೆ ನಲವತ್ತನೇ ಪ್ರಯತ್ನ. 1953ರಲ್ಲಿ ಅದನ್ನು ಮಾಡಿದ್ದು ತುಕ್ಕು ತಡೆಯಲು. ಚೈನಿನ ಭಾರ ಹೊರುವಷ್ಟು ದಪ್ಪ ಅದಕ್ಕಿಲ್ಲ. ಚೈನನ್ನು ಬಿಗಿ ಮಾಡುವಾಗ ಚಕ್ರ ತಿರುಗಿಸಿ ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿ ಅಳೆಯಿರಿ. ನನ್ನದಕ್ಕೆ 20ರಿಂದ 30 ಮಿ.ಮೀ. ಆಟ ಬೇಕು. ಸಡಿಲ ಚೈನ್ ಸದ್ದು ಮಾಡಿ ಹೇಳುತ್ತದೆ. ಬಿಗಿ ಚೈನ್ ಏನೂ ಹೇಳದೆ ಗೇರ್‌ಬಾಕ್ಸ್ ಬೇರಿಂಗ್ ತಿನ್ನುತ್ತದೆ. ಚೈನ್ ಲಾಕಿನ ಕ್ಲಿಪ್ ಹಾಕುವಾಗ ಅದರ ಮುಚ್ಚಿದ ಮೂತಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಮತ್ತೆ, ಎಂಜಿನ್ ಓಡಿಸಿ ಗೇರ್ ಹಾಕಿ ಚೈನ್ ಒರೆಸುವುದು ಯಾವತ್ತೂ ಬೇಡ. ಬೆರಳು ಬಿಡಿ ಭಾಗಗಳ ಪಟ್ಟಿಯಲ್ಲಿ ಸಿಗುವುದಿಲ್ಲ. ಕೈಯಲ್ಲೇ ಚಕ್ರ ತಿರುಗಿಸಿ.

ಕ್ಲಚ್ ಕೇಬಲ್‌ಗೆ ಒಂದು ಪುಕ್ಕಟೆ ಉಪಾಯ. ಮೇಲಿನ ತುದಿ ಬಿಚ್ಚಿ, ಪ್ಲಾಸ್ಟಿಕ್ ಕವರಿನ ಮೂಲೆ ಕತ್ತರಿಸಿ ಅದಕ್ಕೆ ಆಲಿಕೆಯಂತೆ ಟೇಪಿನಿಂದ ಕಟ್ಟಿ, ನಾಲ್ಕು ಚಮಚ ತೆಳು ಆಯಿಲ್ ಬಿಟ್ಟು ರಾತ್ರಿ ನೇತುಹಾಕಿ. ಬೆಳಿಗ್ಗೆ ಕೆಳಗಿನ ತುದಿಯಲ್ಲಿ ಕಪ್ಪಗೆ ತೊಟ್ಟಿಕ್ಕಿರುತ್ತದೆ. ಲಿವರ್ ಎಷ್ಟು ಹಗುರಾಗುತ್ತದೆ ಎಂದರೆ ಬೇರೆಯವರ ಗಾಡಿ ಹತ್ತಿದ ಹಾಗೆ.

ಹಳೇ ಗಾಡಿಗಳಿಂದ ಬಿಚ್ಚಿದ ಸಾಮಾನು ಕೊಳ್ಳುವುದರಲ್ಲಿ ನನಗೇನೂ ಸಂಕೋಚ ಇಲ್ಲ. ಸೈಡ್ ಕವರ್, ಕನ್ನಡಿ, ಫುಟ್‌ರೆಸ್ಟ್, ಲಿವರ್ ಎಲ್ಲ ಹಾಗೇ ತಂದದ್ದು. ಬ್ರೇಕಿನ ಮತ್ತು ಟೈರಿನ ಹತ್ತಿರ ಮಾತ್ರ ನನ್ನ ಜಿಪುಣತನ ನಿಲ್ಲುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿಯುತ್ತದೆ. ಡಾಟ್ 4 ಅನ್ನುವ ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ತೇವ ಕುಡಿದದ್ದಕ್ಕೆ 155 ಸಾಕಾಗಬಹುದು. ಇಳಿಜಾರಿನಲ್ಲಿ ಬ್ರೇಕ್ ಕಾದು, ಆಯಿಲ್ ಕುದ್ದು, ಲಿವರ್ ಮೆತ್ತಗಾಗಿ ಹ್ಯಾಂಡಲಿಗೆ ತಾಗುವುದು ಹೀಗೆ. ಅದಕ್ಕೇ ಚಿಕ್ಕ ಬಾಟಲಿಯನ್ನೇ ಕೊಳ್ಳುತ್ತೇನೆ, ಸೀಲ್ ಒಡೆದ ಮೇಲೆ ಉಳಿದದ್ದನ್ನು ಎರಡು ವರ್ಷ ಕಾಪಾಡುವ ಯೋಚನೆ ಮಾಡುವುದಿಲ್ಲ. ಪೇಂಟ್ ಮೇಲೆ ಬಿದ್ದರೆ ಕೂಡಲೇ ನೀರು ಸುರಿಯಿರಿ. ನನ್ನ ಟ್ಯಾಂಕ್ ಮೇಲೆ ಒಂದು ಹನಿಯ ಗುರುತು ಇವತ್ತಿಗೂ ಇದೆ.

ಒಂದು ಉಪಾಯ ಕೈಕೊಟ್ಟದ್ದನ್ನೂ ಹೇಳಬೇಕಲ್ವಾ? ಹಿಂದಿನ ಚಕ್ರದ ಒಳಗೆ ಜರ್ಕ್ ತಡೆಯುವ ಡ್ರಮ್ ರಬ್ಬರ್ ಸವೆದು, ಗೇರ್ ಹಾಕಿದಾಗೆಲ್ಲ ಟಕ್ ಅನ್ನುತ್ತಿತ್ತು. ಹಳೇ ಟ್ಯೂಬ್ ಕತ್ತರಿಸಿ ಸಂದಿಗೆ ತುರುಕಿದೆ. ತಿಂಗಳು ಚೆನ್ನಾಗಿತ್ತು. ಆಮೇಲೆ ಬಿಚ್ಚಿದರೆ ತುಂಡುಗಳು ಪುಡಿಯಾಗಿ, ಕಪ್ಪು ಹಿಟ್ಟಿನಂತೆ ಉದುರಿದವು. ಹೊಸ ರಬ್ಬರ್ ಸೆಟ್ ತಂದೆ, ಹತ್ತು ನಿಮಿಷದ ಕೆಲಸ. ಎರಡು ಸಲ ಚಕ್ರ ಬಿಚ್ಚಿದ ಬೆನ್ನುನೋವು ಮಾತ್ರ ಲಾಭ.

ಎಲ್ಲವನ್ನೂ ಹಳೇ ಡೈರಿಯಲ್ಲಿ ಬರೆದಿಡುತ್ತೇನೆ. ತಾರೀಕು, ಕಿಲೋಮೀಟರ್, ಏನು ಹಾಕಿದೆ, ಅದರ ನಂಬರ್. ಸದ್ಯ ಅದರಲ್ಲಿ ಒಂದು ಸಾಲು ಅರ್ಧಕ್ಕೆ ನಿಂತಿದೆ. ಮುಂದಿನ ಫೋರ್ಕಿನ ಎಡಗಡೆ ಆಯಿಲ್ ಜಿನುಗುತ್ತಿದೆ. ಸೀಲ್ ಅಳತೆ ನೋಡಿ ತಂದಾಗಿದೆ. ಫೋರ್ಕ್ ತಳದ ಬೋಲ್ಟ್ ಬಿಚ್ಚಲು ಹೋದರೆ ಒಳಗಿನ ಕೊಳವೆಯೂ ಜೊತೆಗೇ ತಿರುಗುತ್ತಿದೆ. ಅದನ್ನು ಹಿಡಿದುಕೊಳ್ಳಲು ಉದ್ದನೆಯ ಟೂಲ್ ಬೇಕು. ಉದ್ದನೆಯ ಕಬ್ಬಿಣದ ಸರಳಿನ ತುದಿಗೆ ನಟ್ ಬೆಸೆಸಿಕೊಂಡು ನಾನೇ ಮಾಡಿಕೊಳ್ಳಲೋ, ಗ್ಯಾರೇಜಿಗೆ ಕೊಡಲೋ ಎಂದು ಎರಡು ವಾರದಿಂದ ಯೋಚಿಸುತ್ತಿದ್ದೇನೆ. ಸರಳು ಅಂತೂ ಸಿಕ್ಕಿದೆ.