ಮೂರನೇ ಡ್ರಾಯರ್‌ನ ಎಡಮೂಲೆ ಕೊನೆಗೂ ಬಿಟ್ಟಿತು

ರಿಪೇರಿಗೆಂದು ಬಿಚ್ಚುತ್ತಿರುವ ಹಳೆಯ ಡ್ರಾಯರ್ ಬೀರುವಿನಲ್ಲಿ ಒಂಬತ್ತು ದಿನ ಹಟ ಹಿಡಿದಿದ್ದ ಮೂಲೆ ನಿನ್ನೆ ರಾತ್ರಿ ‘ಟಕ್’ ಅಂತು. ಒಂದು ಕೈಯಲ್ಲಿ ಮುಂಭಾಗದ ಹಲಗೆ, ಇನ್ನೊಂದರಲ್ಲಿ ಪಕ್ಕದ್ದು. ಮೂಲೆಯ ಡವ್‌ಟೇಲ್ ಕೂಡಿನಲ್ಲಿ (ಪಕ್ಕದ ಹಲಗೆಯ ತುದಿಯ ‘ಬಾಲ’ಗಳು ಮುಂಭಾಗದ ಹಲಗೆಯ ‘ಪಿನ್’ ಎಂಬ ಮರದ ಹಲ್ಲುಗಳ ನಡುವೆ ಸಿಕ್ಕಿಕೊಳ್ಳುವ ಜೋಡಣೆ) ಒಂದು ಬಾಲವೂ ಸೀಳಿಲ್ಲ!

ಮೊದಲೆರಡು ಡ್ರಾಯರ್ ಸುಲಭವಾಗಿ ಬಂದವು. ಹಿಂದಿನ ಮೊಳೆ ಕಿತ್ತೆ, ತಳದ ಹಲಗೆ ಜಾರಿಸಿ ತೆಗೆದೆ, ಅಂಟಿಗೆ ಶಾಖ ಕೊಟ್ಟೆ, ಒಳಗಿನಿಂದ ಹೊರಕ್ಕೆ ಕೊಡತಿಯ ನಾಲ್ಕು ಏಟು. ತಳಕ್ಕೆ ಅಂಟು ಹಾಕದೆ ಗ್ರೂವ್‌ನಲ್ಲಿ (ಹಲಗೆಯಲ್ಲಿ ಉದ್ದಕ್ಕೆ ಕೊರೆದ ಕಾಲುವೆ) ಸಡಿಲವಾಗಿ ಕೂರಿಸಿದ್ದ ಆ ಬಡಗಿಗೆ ಕೈ ಮುಗಿಯಬೇಕು. ಹಿಗ್ಗಿ ಕುಗ್ಗಲು ಜಾಗ ಇದ್ದದ್ದಕ್ಕೇ ಹಲಗೆ ಇನ್ನೂ ಬಿರಿದಿಲ್ಲ.

ಮೂರನೆಯದರಲ್ಲಿ ಮೂರು ಮೂಲೆ ಬಿಟ್ಟವು, ಮುಂದಿನ ಎಡಮೂಲೆ ಮಾತ್ರ ಇಲ್ಲ. ಹಳೆಯ ಮರವಜ್ರ (ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡುವ ಅಂಟು) 60 ಡಿಗ್ರಿ ಆಸುಪಾಸಿನ ಶಾಖಕ್ಕೂ ತೇವಕ್ಕೂ ಮೆತ್ತಗಾಗುತ್ತದಲ್ಲ, ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಇಟ್ಟೆ. ಅಲುಗಲಿಲ್ಲ. ಮರುದಿನ ಪೂರ್ತಿ ತಣ್ಣಗಾದ ಮೇಲೆ ಸಿರಿಂಜಿನಲ್ಲಿ ಸ್ಪಿರಿಟ್ ಬಿಟ್ಟೆ. ಅದು ಅಂಟಿನ ನೀರು ಹೀರಿ ಗರಿಗರಿ ಮಾಡುತ್ತದೆ. ಸಂದಿಯಿಂದ ಸಕ್ಕರೆ ಹರಳಿನಂಥ ಪುಡಿ ಉದುರಿತು, ಕೂಡು ಮಾತ್ರ ಹಾಗೇ ಇತ್ತು. ನಡುವೆ ಯಾರೋ ವಿನೆಗರ್‌ಗೆ ಮೆತ್ತಗಾಗುವ ಬಿಳಿ ಅಂಟು (ಫೆವಿಕಾಲ್ ಥರದ್ದು) ತುಂಬಿರಬಹುದು ಅಂತ ಎರಡು ರಾತ್ರಿ ವಿನೆಗರ್ ಬಟ್ಟೆಯನ್ನೂ ಸುತ್ತಿಟ್ಟೆ. ವಾಸನೆ ಬಂತು ಅಷ್ಟೆ.

ಆಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಒತ್ತಿದಾಗ ಮೇಲಿನ ಎರಡು ಬಾಲಗಳು ಕೂದಲೆಳೆಯಷ್ಟು ಎದ್ದೇಳುತ್ತವೆ, ಕೆಳಗಿನದು ಏಳುವುದೇ ಇಲ್ಲ. ಅಂಟಾಗಿದ್ದರೆ ಹೀಗೆ ಒಂದೇ ಕಡೆ ಹಿಡಿಯುತ್ತಿರಲಿಲ್ಲ. ಪಕ್ಕದ ಮುಖಕ್ಕೆ ಆಯಸ್ಕಾಂತ ಹಿಡಿದು ಮೊದಲೇ ನೋಡಿದ್ದೆ, ಏನೂ ಸಿಕ್ಕಿರಲಿಲ್ಲ. ಈ ಸಲ ಡ್ರಾಯರ್ ಮಗುಚಿದೆ. ಮುಂಭಾಗದ ಹಲಗೆಯ ಕೆಳಅಂಚಿನಲ್ಲಿ ಒಂದು ನೀಲಿಗಪ್ಪು ಚುಕ್ಕಿ! ಕಬ್ಬಿಣ ಸೇರಿದರೆ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಹಾಗೇ ಕಪ್ಪಾಗುತ್ತದೆ. ಕೆರೆದರೆ ಮೇಣ ಕಲಸಿದ ಹೊಟ್ಟು, ಅದರಡಿ ಮೊಳೆ. ಯಾರೋ ರಿಪೇರಿ ಮಾಡಿದವರು ಕೆಳಗಿನಿಂದ ಮೇಲಕ್ಕೆ, ಪಿನ್ ತೂರಿ ಬಾಲದೊಳಕ್ಕೇ ಹೊಡೆದಿದ್ದಾರೆ. ಕೂಡು ಬಿಚ್ಚುವ ದಿಕ್ಕಿಗೆ ಅದು ಅಗುಳಿ ಹಾಕಿದ ಹಾಗೆ. ಇನ್ನೊಂದು ಏಟು ಜೋರಾಗಿ ಹಾಕಿದ್ದರೆ ಪಿನ್ನೇ ಮುರಿಯುತ್ತಿತ್ತು. ದಯವಿಟ್ಟು ಯಾರೂ ಡವ್‌ಟೇಲ್‌ಗೆ ಮೊಳೆ ಹೊಡೆಯಬೇಡಿ. ಹಳೆಯ ಮರವಜ್ರದ ಮೇಲೆ ಹೊಸ ಮರವಜ್ರ ಚೆನ್ನಾಗಿ ಹಿಡಿಯುತ್ತದೆ, ಅಷ್ಟೇ ಸಾಕು.

ಮೊಳೆಯ ತಲೆ ತುಕ್ಕು ತಿಂದು ಹೋಗಿತ್ತು, ಇಕ್ಕಳಕ್ಕೆ ಹಿಡಿತವಿಲ್ಲ. 6 ಮಿ.ಮೀ. ಉಕ್ಕಿನ ಕೊಳವೆಯ ತುದಿಗೆ ಅರದಿಂದ ಹಲ್ಲು ಕೊರೆದು ಡ್ರಿಲ್‌ಗೆ ಸಿಕ್ಕಿಸಿದೆ. ಜಾರದಂತೆ ತೂತು ಕೊರೆದ ಮರದ ತುಂಡೊಂದನ್ನು ಕ್ಲ್ಯಾಂಪ್ ಮಾಡಿ, ಮೊಳೆಯ ಸುತ್ತ ನಿಧಾನವಾಗಿ ಇಳಿಸಿದೆ. ಮೊಳೆ ತನ್ನ ಸುತ್ತಲ ಮರದ ಸಮೇತ ಎದ್ದು ಬಂತು. ತೂತಿಗೆ ಅದೇ ಜಾತಿಯ ಮರದ ಬಿರಡೆ ಬೀಳುತ್ತದೆ.

ಈ ಕೊಳವೆ ಕೈಗೆ ಬಂದ ಮೇಲೆ ತಲೆಯಲ್ಲಿ ಉಪಕರಣಗಳ ಪೆಟ್ಟಿಗೆಯೇ ತಿರುಗುತ್ತಿದೆ. ಪಕ್ಕದ ಗ್ರೂವ್‌ಗಳಲ್ಲೇ ಜೋತುಬಿದ್ದು ಓಡುವ ಐದು ಪುಟ್ಟ ಡ್ರಾಯರ್, ಎಲ್ಲ ಕೂಡೂ ಕೈಯಲ್ಲೇ. ನಕ್ಷೆ ಬರೆದಾಗಿದೆ.

ಅದಕ್ಕೆ ಮೊದಲು ಎರಡನೇ ಡ್ರಾಯರ್‌ಗೆ ಹೊಸ ತಳ ಆಗಬೇಕು. 6 ಮಿ.ಮೀ. ಎಂದು ಮಾರಿದ ಪ್ಲೈವುಡ್‌ಗೆ ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದರೆ 5.2. ಗ್ರೂವ್‌ನಲ್ಲಿ ಗಡಗಡ ಅನ್ನುತ್ತದೆ. ಕೇಳಿದ್ದಕ್ಕೆ ಅಂಗಡಿಯವರು “ಆರು ಅಂದ್ರೆ ಇಷ್ಟೇ ಬರೋದು” ಅಂದರು. ಎರಡನೇ ಸಲ ಇದೇ ಉತ್ತರ. ಇನ್ನು ಗಟ್ಟಿಮರವನ್ನೇ ಕೀಸಿ ಅಂಚು ತೆಳುಮಾಡಿ ಹಾಕುತ್ತೇನೆ.

ಮಲಗುವ ಮುನ್ನ ನಾಲ್ಕನೇ ಡ್ರಾಯರನ್ನೂ ಮಗುಚಿ ನೋಡಿದೆ. ಅದೇ ಜಾಗದಲ್ಲಿ ಎರಡು ಕಪ್ಪು ಚುಕ್ಕಿ.